ಲೆಕ್ಕಕ್ಕೆ ಬಾರದ ಮೂರನೆಯ ಕಾರ್ಡು

ಮಹಿಳೆಯರ ಅಮೆಚೂರ್ ಗಾಲ್ಫಿನ ಅಂತಾರಾಷ್ಟ್ರೀಯ ತಂಡ ಸ್ಪರ್ಧೆಗಳಲ್ಲಿ ಒಂದು ಸರಳ ನಿಯಮವಿದೆ. ತಂಡಕ್ಕೆ ಮೂವರು ಆಟಗಾರ್ತಿಯರು. ಮೂವರೂ ಪ್ರತಿದಿನ ಹದಿನೆಂಟು ಹೋಲ್‌ಗಳನ್ನು ಆಡಿ ಮುಗಿಸಬೇಕು. ಸಂಜೆ ಆ ಮೂರು ಅಂಕಪಟ್ಟಿಗಳಲ್ಲಿ ಉತ್ತಮವಾದ ಎರಡನ್ನು ಕೂಡಿಸಿ ತಂಡದ ಅಂಕ ಬರೆಯುತ್ತಾರೆ. ಮೂರನೆಯದನ್ನು ಕೈಬಿಡುತ್ತಾರೆ. ವಿಶ್ವ ಮಟ್ಟದ ಎಸ್ಪಿರಿಟೊ ಸಾಂಟೊ ಟ್ರೋಫಿಯಲ್ಲೂ ಏಷ್ಯಾ-ಪೆಸಿಫಿಕ್ ವಲಯದ ಕ್ವೀನ್ ಸಿರಿಕಿಟ್ ಕಪ್‌ನಲ್ಲೂ ನಡೆಯುವುದು ಇದೇ ಲೆಕ್ಕ.

ನಾನು ಗಾಲ್ಫ್ ಆಡುವವಳಲ್ಲ. ನನ್ನದು ಲೆಕ್ಕಪತ್ರದ ಕೆಲಸ. ಒಂದು ಮೊತ್ತವನ್ನು ಕಂಡರೆ ಅದರಲ್ಲಿ ಏನು ಸೇರಿಲ್ಲ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಈ ಕೈಬಿಟ್ಟ ಕಾರ್ಡಿನ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಹೀಗೆ. ಓದುತ್ತಾ ಹೋದಂತೆ ಅನ್ನಿಸಿದ್ದೇನೆಂದರೆ, ನಿಯಮದಲ್ಲಿ ದೋಷ ಕಡಿಮೆ. ಆ ಆಟವನ್ನು ನಾವು ಹೇಳಿಕೊಳ್ಳುವ, ನೆನಪಿಟ್ಟುಕೊಳ್ಳುವ ರೀತಿಯಲ್ಲಿ ದೋಷ ಹೆಚ್ಚು. ಅದನ್ನೇ ಇಲ್ಲಿ ವಿವರಿಸುವ ಪ್ರಯತ್ನ ಮಾಡಿದ್ದೇನೆ.

ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಮುಂದು. ಸಾಮಾನ್ಯ ಮೈದಾನದಲ್ಲಿ ನುರಿತ ಆಟಗಾರರಿಗೆ ಹದಿನೆಂಟು ಹೋಲ್‌ಗಳಿಗೆ 72 ಹೊಡೆತ ಸಾಕೆಂದು ಲೆಕ್ಕ. ಅದನ್ನೇ ಪಾರ್ ಎನ್ನುತ್ತಾರೆ. ಈಗ ಒಂದು ತಂಡದ ಹುಡುಗಿಯರು 68, 73, 79 ಹೊಡೆತಗಳಲ್ಲಿ ಮುಗಿಸಿದರು ಎಂದುಕೊಳ್ಳಿ. ತಂಡದ ಅಂಕ 141. ಆ 79 ಹಾಳೆಯಲ್ಲಿ ಇದ್ದೇ ಇರುತ್ತದೆ, ಮೊತ್ತಕ್ಕೆ ಹೋಗುವುದಿಲ್ಲ ಅಷ್ಟೆ. ಮರುದಿನ ಅದೇ ಹುಡುಗಿ 69ಕ್ಕೆ ಮುಗಿಸಿ, ಹಿಂದಿನ ದಿನ 68 ಹೊಡೆದವಳು 76ಕ್ಕೆ ಜಾರಿದರೆ, ಈಗ ಹೊರಗೆ ಉಳಿಯುವುದು ಮೊದಲಿನವಳ ಕಾರ್ಡು. ಯಾರದ್ದು ಉಳಿಯುತ್ತದೆ, ಯಾರದ್ದು ಹೋಗುತ್ತದೆ ಎಂದು ಬೆಳಿಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮೂವರೂ ತಮ್ಮದೇ ಕಾರ್ಡು ಎಣಿಕೆಗೆ ಬರುತ್ತದೆ ಎಂದೇ ಆಡಬೇಕು.

ಈ ಪದ್ಧತಿ ಶುರುವಾದದ್ದು 1964ರಲ್ಲಿ. ಪುರುಷರ ವಿಶ್ವ ಅಮೆಚೂರ್ ತಂಡ ಸ್ಪರ್ಧೆ, ಅಂದರೆ ಐಸೆನ್‌ಹೋವರ್ ಟ್ರೋಫಿ, 1958ರಲ್ಲೇ ಸೇಂಟ್ ಆಂಡ್ರೂಸ್‌ನಲ್ಲಿ ಆರಂಭವಾಗಿತ್ತು. ಹೆಂಗಸರ ಸರದಿ ಬರಲು ಇನ್ನೂ ಆರು ವರ್ಷ ಬೇಕಾಯಿತು. ಪ್ಯಾರಿಸ್ ಬಳಿಯ ಸೇಂಟ್ ಜರ್ಮೇನ್ ಮೈದಾನದಲ್ಲಿ ನಡೆದ ಆ ಮೊದಲ ಸ್ಪರ್ಧೆಯನ್ನು ಫ್ರಾನ್ಸ್ ಗೆದ್ದಿತು. ಅಮೆರಿಕಕ್ಕಿಂತ ಒಂದೇ ಒಂದು ಹೊಡೆತ ಕಡಿಮೆ. ಆ ಫ್ರೆಂಚ್ ತಂಡದಲ್ಲಿದ್ದ ಕ್ಯಾಥರೀನ್ ಲಕೋಸ್ತ್ ಮೂರು ವರ್ಷದ ನಂತರ ಅಮೆಚೂರ್ ಆಗಿದ್ದುಕೊಂಡೇ ಅಮೆರಿಕದ ಮಹಿಳಾ ಓಪನ್ ಗೆದ್ದು ಹೆಸರಾದಳು. ಟೆನಿಸ್ ಆಟಗಾರ ರೆನೆ ಲಕೋಸ್ತ್‌ನ ಮಗಳು. ಮೊಸಳೆ ಚಿತ್ರದ ಟೀ ಶರ್ಟು ತೊಡುವವರಿಗೆ ಆ ಹೆಸರು ಗೊತ್ತೇ ಇದೆ. ಅವಳ ಜೊತೆಗಿದ್ದ ಕ್ಲೋದೀನ್ ಕ್ರೋ ಮತ್ತು ಬ್ರಿಜಿತ್ ವರಾಂಗೊ ಹೆಸರುಗಳು ಇಂದು ಗಾಲ್ಫ್ ಇತಿಹಾಸ ಓದುವವರ ಬಾಯಲ್ಲಿ ಮಾತ್ರ ಉಳಿದಿವೆ.

ಒಂದು ಸ್ವಾರಸ್ಯ: ಪುರುಷರ ತಂಡದಲ್ಲಿ ಮೊದಲು ನಾಲ್ವರಿದ್ದು ಮೂವರ ಅಂಕ ಎಣಿಸುತ್ತಿದ್ದರು. 2002ರಿಂದ ಅವರೂ ಮೂವರಲ್ಲಿ ಇಬ್ಬರು ಎಂಬ ಹೆಂಗಸರ ಲೆಕ್ಕಕ್ಕೇ ಬಂದರು. ಕ್ರೀಡಾಲೋಕದಲ್ಲಿ ಗಂಡಸರ ನಿಯಮವನ್ನು ಹೆಂಗಸರಿಗೆ ಅಳವಡಿಸುವುದೇ ವಾಡಿಕೆಯಾಗಿರುವಾಗ ಇಲ್ಲಿ ದಾರಿ ತಿರುಗಿದೆ. ಯಾಕೋ ಇದನ್ನು ಯಾರೂ ದೊಡ್ಡದಾಗಿ ಹೇಳಿಕೊಂಡಂತೆ ಕಾಣಲಿಲ್ಲ. ಇನ್ನು 1932ರಷ್ಟು ಹಳೆಯದಾದ ಕರ್ಟಿಸ್ ಕಪ್ ಇದೆ. ಅದನ್ನು ಕೊಟ್ಟ ಅಕ್ಕತಂಗಿಯರು ಹಲವು ದೇಶಗಳ ಹೆಂಗಸರು ಆಡಬೇಕೆಂದು ಬಯಸಿದ್ದರೂ, ಅದು ಇಂದಿಗೂ ಅಮೆರಿಕ ಒಂದು ಕಡೆ, ಬ್ರಿಟನ್-ಐರ್ಲೆಂಡ್ ಇನ್ನೊಂದು ಕಡೆ ನಿಂತು ಆಡುವ ಪಂದ್ಯ. ನಮ್ಮ ವಿಷಯಕ್ಕೆ ಅದು ಹೆಚ್ಚು ಸಂಬಂಧಿಸಿದ್ದಲ್ಲ.

ಮೂವರಲ್ಲಿ ಇಬ್ಬರು ಎಂಬ ಲೆಕ್ಕ ಅಳೆಯುವುದೇನು? ಒಬ್ಬಳು ಅಸಾಧಾರಣ ಆಟಗಾರ್ತಿ ಇದ್ದರೆ ಸಾಲದು ಎಂಬುದನ್ನು. ನಿಮ್ಮ ತಾರೆ 66 ಹೊಡೆದು ಉಳಿದಿಬ್ಬರು 77, 78 ಹೊಡೆದರೆ ತಂಡಕ್ಕೆ 143. ಎದುರಿಗೆ ಯಾರೂ ಹೆಸರು ಕೇಳದ ಮೂವರು 70, 71, 72 ಹೊಡೆದರೆ 141. ತಾರೆಯೇ ಇಲ್ಲದ ತಂಡ ಗೆದ್ದಿತು. ಅಂದರೆ ಈ ಸ್ಪರ್ಧೆ ಒಬ್ಬ ಆಟಗಾರ್ತಿಯ ಪ್ರತಿಭೆಗಿಂತ ಹೆಚ್ಚಾಗಿ ಅವಳ ಹಿಂದೆ ಎಷ್ಟು ಜನ ಹುಡುಗಿಯರು ಮೈದಾನಕ್ಕೆ ಬರುತ್ತಿದ್ದಾರೆ ಎಂಬುದನ್ನು ಅಳೆಯುತ್ತದೆ. ಆರನೆಯ ವಯಸ್ಸಿನಲ್ಲಿ ಕೈಗೆ ಕೋಲು ಸಿಕ್ಕವರು ಎಷ್ಟು, ಹದಿನಾಲ್ಕಕ್ಕೆ ಆಟ ಬಿಡದೆ ಉಳಿದವರು ಎಷ್ಟು, ಎಂಬುದನ್ನು.

ದಕ್ಷಿಣ ಕೊರಿಯಾ ಇದಕ್ಕೆ ಒಳ್ಳೆಯ ನಿದರ್ಶನ. ಎಸ್ಪಿರಿಟೊ ಸಾಂಟೊ ಟ್ರೋಫಿಯನ್ನು ಅದು 2010, 2012, 2016, 2023ರಲ್ಲಿ ಗೆದ್ದಿತು. 1998ರಲ್ಲಿ ಪಾಕ್ ಸೆ ರಿ ಅಮೆರಿಕದ ಮಹಿಳಾ ಓಪನ್ ಗೆದ್ದಾಗ ಟೀವಿ ನೋಡುತ್ತಿದ್ದ ಸಣ್ಣ ಹುಡುಗಿಯರು ಗಾಲ್ಫ್ ಹಿಡಿದರು, ಹತ್ತು ಹನ್ನೆರಡು ವರ್ಷಕ್ಕೆ ಅದರ ಫಲ ಬಂತು ಎಂದು ಎಲ್ಲರೂ ಬರೆಯುತ್ತಾರೆ. ನಿಜ ಇರಬಹುದು. ಆದರೆ ಕೊರಿಯಾ 1996ರಲ್ಲೇ, ಸೆ ರಿ ಗೆಲ್ಲುವ ಮೊದಲೇ, ಇದೇ ಟ್ರೋಫಿಯನ್ನು ಒಮ್ಮೆ ಗೆದ್ದಿತ್ತು. ತಂಡದ ಗೆಲುವಿಗೂ ಒಬ್ಬಳೇ ತಾಯಿಬೇರನ್ನು ಹುಡುಕುವ ನಮ್ಮ ಚಟ ಇಲ್ಲೂ ಕಾಣುತ್ತದೆ. ಆಫ್ರಿಕಾದಲ್ಲಿ ಹೆಂಗಸರ ತಂಡಗಳಿಗಾಗಿ ನಡೆಯುವ ಆಲ್ ಆಫ್ರಿಕಾ ಚಾಲೆಂಜ್ ಟ್ರೋಫಿಯಲ್ಲಿ ದಕ್ಷಿಣ ಆಫ್ರಿಕಾದ ಹೆಸರೇ ಮತ್ತೆ ಮತ್ತೆ ಬರುವುದಕ್ಕೂ ಕಾರಣ ಇದೇ: ಅಲ್ಲಿ ಆಡುವ ಹುಡುಗಿಯರ ಸಾಲು ಉದ್ದ.

ಈಗ ಹಾಂಗ್‌ಝೌಗೆ ಬರೋಣ. 2022ರ ಏಷ್ಯನ್ ಕ್ರೀಡಾಕೂಟ ಕೋವಿಡ್ ಕಾರಣದಿಂದ ಒಂದು ವರ್ಷ ತಡವಾಗಿ ನಡೆಯಿತಷ್ಟೆ. ಗಾಲ್ಫ್ ಮುಗಿದದ್ದು 2023ರ ಅಕ್ಟೋಬರ್ 1ರ ಭಾನುವಾರ. ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಬಾರಿಗೆ ವೃತ್ತಿಪರರಿಗೂ ಅವಕಾಶ ಕೊಟ್ಟ ಕೂಟ ಅದು. ಆದ್ದರಿಂದ ಅದನ್ನು ಶುದ್ಧ ಅಮೆಚೂರ್ ಸ್ಪರ್ಧೆ ಎನ್ನಲಾಗದು. ಆದರೆ ಲೆಕ್ಕ ಅದೇ: ಮೂವರು, ಎರಡು ಕಾರ್ಡು, ನಾಲ್ಕು ದಿನ. ಭಾರತದ ಮಹಿಳಾ ತಂಡದಲ್ಲಿದ್ದವರು ಬೆಂಗಳೂರಿನ ಅದಿತಿ ಅಶೋಕ್, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಇನ್ನೊಮ್ಮೆ ಓದಿ. ನೂರನಲವತ್ತು ಕೋಟಿ ಜನರ ದೇಶವನ್ನು ಪ್ರತಿನಿಧಿಸಿದ ಮೂವರೂ ಕರ್ನಾಟಕದವರು. ಅವರಲ್ಲಿ ಅವನಿ ಆಗಿನ್ನೂ ಶಾಲಾ ವಯಸ್ಸಿನ ಅಮೆಚೂರ್. ಅದೇ ವರ್ಷ ಮನಿಲಾದಲ್ಲಿ ಕ್ವೀನ್ ಸಿರಿಕಿಟ್ ಕಪ್‌ನ ವೈಯಕ್ತಿಕ ಪ್ರಶಸ್ತಿ ಗೆದ್ದು ಬಂದಿದ್ದಳು.

ಚೀನಾದ ಗಡಿಯಾರ ನೈರೋಬಿಗಿಂತ ಐದು ಗಂಟೆ ಮುಂದು. ಅಲ್ಲಿ ಬೆಳಗಿನ ಎಂಟು ಎಂದರೆ ಹರ್ಲಿಂಗ್‌ಹ್ಯಾಮ್‌ನ ನಮ್ಮ ಫ್ಲ್ಯಾಟಿನಲ್ಲಿ ನಸುಕಿನ ಮೂರು. ಆ ಭಾನುವಾರ ನಾನೂ ಎದ್ದು ಫೋನಿನಲ್ಲಿ ಅಂಕಪಟ್ಟಿ ನೋಡುತ್ತಿದ್ದೆ. ಅದಿತಿ ಮೊದಲ ಮೂರು ದಿನ 67, 66, 61 ಹೊಡೆದು ಏಳು ಹೊಡೆತಗಳ ಮುನ್ನಡೆಯಲ್ಲಿದ್ದಳು. ಕೊನೆಯ ದಿನ 77. ಥಾಯ್ಲೆಂಡಿನ ಅರ್ಪಿಚಾಯ ಯುಬೋಲ್ ಎರಡು ಹೊಡೆತ ಮುಂದೆ ಹೋಗಿ ಚಿನ್ನ ಗೆದ್ದಳು. ಅದಿತಿಗೆ ಬೆಳ್ಳಿ, ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಬಂದ ಮೊದಲ ಪದಕ.

ಬೆಳಕು ಹರಿಯುವಷ್ಟರಲ್ಲಿ ನಮ್ಮ ವಾಟ್ಸಾಪ್ ಗುಂಪು ತುಂಬಿಹೋಗಿತ್ತು. “ಛೇ, ಚಿನ್ನ ಕೈಗೆ ಬಂದು ಜಾರಿತಲ್ಲ.” “ಬೆಳ್ಳಿ ಏನು ಕಡಿಮೇನಾ ಕಣ್ರೀ?” “ಟೋಕಿಯೋದಲ್ಲೂ ಹೀಗೇ ಆಯ್ತು, ಒಂದೇ ಹೊಡೆತ.” ಎಲ್ಲವೂ ಪ್ರೀತಿಯ ಮಾತುಗಳೇ. ಸಂಜೆಯವರೆಗೆ ನೋಡಿದೆ, ತಂಡ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ನಾನು ಓದಿದ ವರದಿಗಳಲ್ಲೂ ಅದು ಕೊನೆಯ ಪ್ಯಾರಾದ ಒಂದು ವಾಕ್ಯ: ಭಾರತಕ್ಕೆ ನಾಲ್ಕನೇ ಸ್ಥಾನ. ಪ್ರಣವಿ ಮತ್ತು ಅವನಿ ನಾಲ್ಕು ದಿನ ಎಷ್ಟು ಹೊಡೆದರು, ಯಾವ ದಿನ ಯಾರ ಕಾರ್ಡು ಎಣಿಕೆಗೆ ಬಂತು ಎಂಬುದು ವರದಿಗಾರರಿಗೆ ಸುದ್ದಿ ಅನ್ನಿಸಲೇ ಇಲ್ಲ.

ಮೂವರೂ ಮೈಸೂರು-ಬೆಂಗಳೂರಿನವರು ಎಂಬ ಸಂಗತಿ ನಮ್ಮ ಹೆಮ್ಮೆಗೆ ಇನ್ನೂ ದಕ್ಕಿಲ್ಲ ಎಂಬುದೇ ನನ್ನ ಮುಖ್ಯ ತಕರಾರು. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದ ತಂಡವನ್ನು ನಮ್ಮ ಹಿರಿಯರು ಈಗಲೂ ಬೆರಳು ಮಡಿಸಿ ಹೇಳುತ್ತಾರೆ: ಪ್ರಸನ್ನ, ಚಂದ್ರ, ವಿಶ್ವನಾಥ್, ಬ್ರಿಜೇಶ್, ಕಿರ್ಮಾನಿ... ಅಲ್ಲಿ ಯಾರೂ ‘ವಿಶ್ವನಾಥ್ ಆಡಿದ, ಉಳಿದವರೂ ಇದ್ದರು’ ಎನ್ನುವುದಿಲ್ಲ. ಹನ್ನೊಂದು ಹೆಸರು ನೆನಪಿಡುವವರಿಗೆ ಮೂರು ಹೆಸರು ಭಾರವಾಗಬಾರದಿತ್ತು.

ಅದೇ ಹಾಂಗ್‌ಝೌ ಫಲಿತಾಂಶದಲ್ಲಿ ಇನ್ನೊಂದು ಪಾಠ ಇದೆ. ಚೀನಾ ತನ್ನ ಮೂವರು ಹೆಸರಾಂತ ವೃತ್ತಿಪರರನ್ನು ಇಳಿಸಿತ್ತು. ಅವರಲ್ಲಿ ಯಿನ್ ರುವೊನಿಂಗ್ ಅದೇ ವರ್ಷ ಮೇಜರ್ ಪ್ರಶಸ್ತಿ ಗೆದ್ದವಳು. ಕೊರಿಯಾ ಕಳಿಸಿದ್ದು ಮೂವರು ಅಮೆಚೂರ್ ಹುಡುಗಿಯರನ್ನು. ತಂಡ ವಿಭಾಗದಲ್ಲಿ ಥಾಯ್ಲೆಂಡಿಗೆ ಚಿನ್ನ, ಆ ಕೊರಿಯಾದ ಹುಡುಗಿಯರಿಗೆ ಬೆಳ್ಳಿ, ಚೀನಾಕ್ಕೆ ಕಂಚು. ಸಾಲು ಉದ್ದ ಇರುವುದೆಂದರೆ ಇದು.

‘ಮೂರನೆಯದನ್ನು ಬಿಡುವುದೇ ಅನ್ಯಾಯ, ಮೂರನ್ನೂ ಎಣಿಸಬೇಕು’ ಎಂದು ವಾದಿಸುವವರಿದ್ದಾರೆ. ಗೆಳತಿಯೊಬ್ಬಳು ನನ್ನ ಜೊತೆ ಇದಕ್ಕಾಗಿ ಜಗಳವನ್ನೇ ಆಡಿದಳು. ನನಗೆ ಹಾಗನ್ನಿಸುವುದಿಲ್ಲ. ದೂರದ ದೇಶಕ್ಕೆ ಹೋದ ಮೂವರಲ್ಲಿ ಒಬ್ಬಳಿಗೆ ಜ್ವರ ಬರಬಹುದು, ಮಣಿಕಟ್ಟು ಉಳುಕಬಹುದು. ಮೂರನ್ನೂ ಎಣಿಸಿದರೆ ಅವಳ ಒಂದು ಕೆಟ್ಟ ದಿನ ಉಳಿದಿಬ್ಬರ ನಾಲ್ಕು ದಿನಗಳನ್ನು ನುಂಗಿಬಿಡುತ್ತದೆ. ಆ ಹೊರೆಯನ್ನು ಹದಿನಾರರ ಹುಡುಗಿಯ ತಲೆಯ ಮೇಲೆ ಹೊರಿಸುವುದರಲ್ಲಿ ನ್ಯಾಯವೇನು? ಬಿಡುವ ಕಾರ್ಡಿನಲ್ಲಿ ಒಂದು ಕರುಣೆ ಇದೆ. ಆ ಕರುಣೆಯನ್ನು ನಾವು ಮರೆವು ಮಾಡಿಕೊಂಡಿದ್ದೇವೆ, ತೊಂದರೆ ಇರುವುದು ಅಲ್ಲಿ.

ನಿಯಮ ಬರೆದವರಂತೂ ಆ ಕಾರ್ಡನ್ನು ಮರೆತಿಲ್ಲ. 2022ರಲ್ಲಿ ಎಸ್ಪಿರಿಟೊ ಸಾಂಟೊ ಮತ್ತೆ ಪ್ಯಾರಿಸ್ ಬಳಿ ನಡೆಯಿತು. ನಾಲ್ಕು ದಿನದ ಆಟ ಮುಗಿದಾಗ ಸ್ವೀಡನ್ ಮತ್ತು ಅಮೆರಿಕ ಸಮಸಮ. ಮರು ಆಟ ಇಲ್ಲ, ನಾಣ್ಯ ಚಿಮ್ಮಿಸಲಿಲ್ಲ. ಕೊನೆಯ ದಿನ ಎರಡೂ ತಂಡಗಳು ಕೈಬಿಟ್ಟಿದ್ದ ಮೂರನೆಯ ಕಾರ್ಡುಗಳನ್ನು ತೆರೆದು ನೋಡಿದರು. ಸ್ವೀಡನ್ನಿನದು ಉತ್ತಮವಾಗಿತ್ತು, ವಿಶ್ವ ಪ್ರಶಸ್ತಿ ಅವರಿಗೆ ಹೋಯಿತು. ಸಂಜೆ ಪುಟ್ಟ ಹೊಡೆತವೊಂದನ್ನು ‘ಹೇಗೂ ನನ್ನದು ಲೆಕ್ಕಕ್ಕಿಲ್ಲ’ ಎಂದು ಅಸಡ್ಡೆಯಿಂದ ಹೊಡೆಯದೆ ನಿಂತು ಮುಗಿಸಿದವಳೊಬ್ಬಳ ಶ್ರಮ ಅದು.

ಸಮಸಮ ಆಗದ ದಿನವೂ ಆ ಕಾರ್ಡು ಕೆಲಸ ಮಾಡುತ್ತದೆ ಎಂದು ನನಗೆ ತಿಳಿಸಿದ್ದು ನಮ್ಮ ಕಿಲಿಮಾನಿಯ ಪರಿಚಿತರ ಮಗಳು. ಹದಿಮೂರು ವರ್ಷ, ಶಾಲೆಯ ತಂಡದಲ್ಲಿ ಮೂರನೆಯವಳು. ಕಳೆದ ವರ್ಷ ಶಾಲೆಗಳ ನಡುವಿನ ಪಂದ್ಯದಲ್ಲಿ ಅವರ ತಂಡ ಗೆದ್ದಿತು. ಅವಳ ಕಾರ್ಡು ಎಣಿಕೆಗೆ ಬರಲಿಲ್ಲ. ಗುಂಪಿನಲ್ಲಿ ಸುದ್ದಿಯೇ ಹಾಕಿಲ್ಲವಲ್ಲ ಎಂದು ಕೇಳಿದ್ದಕ್ಕೆ ಅವರಮ್ಮ, “ಅವಳದ್ದು ಲೆಕ್ಕಕ್ಕೇ ಬರ್ಲಿಲ್ಲ ರೀ, ಏನಂತ ಹಾಕೋದು?” ಎಂದರು. ಹುಡುಗಿ ಅಲ್ಲೇ ಇದ್ದಳು. ಮೂತಿ ಉಬ್ಬಿಸಲಿಲ್ಲ, ವಿವರಿಸಿದಳು. “ಆಂಟಿ, ನಾನು ಮೊದಲು ಮುಗಿಸಿದ್ದೆ. 84. ಕೊನೇ ಹೋಲಲ್ಲಿ ಕೆರೆ ಇದೆ. ಹಿಂದೆ ಬರ್ತಿದ್ದ ನಮ್ಮ ಕ್ಯಾಪ್ಟನ್‌ಗೆ ನನ್ನ ಸ್ಕೋರ್ ಗೊತ್ತಾಯ್ತು. ಅವಳು ಸುತ್ತಿ ಹೋಗದೆ ನೀರಿನ ಮೇಲಿಂದಾನೇ ಹೊಡೆದಳು. ಬಾಲ್ ನೀರಿಗೆ ಬಿದ್ದಿದ್ರೆ ನನ್ನ 84 ಇತ್ತಲ್ಲ!”

ವಿಮೆ ಎಂದರೆ ಇದೇ ಅಲ್ಲವೇ? ಅಪಘಾತ ಆಗದ ವರ್ಷ ವಿಮೆಯ ಕಂತು ವ್ಯರ್ಥವಾಯಿತು ಎಂದು ನಮ್ಮ ಕಚೇರಿಯಲ್ಲಿ ಯಾರಾದರೂ ಬರೆದರೆ ಅವರನ್ನು ಕೂರಿಸಿ ಪಾಠ ಹೇಳಬೇಕಾಗುತ್ತದೆ. ಆ ಕಂತು ಇದ್ದುದರಿಂದಲೇ ಗಾಡಿ ರಸ್ತೆಗಿಳಿಯಿತು. ಹಾಗೆಯೇ ಮೂರನೆಯವಳು ಜೋಪಾನವಾಗಿ ಆಡಿ ಮುಗಿಸಿದ್ದರಿಂದ ಮೊದಲನೆಯವಳಿಗೆ ಧೈರ್ಯ ಬಂತು. ಆ ಧೈರ್ಯ ಫಲಿಸಿದ್ದರಿಂದ ಮೂರನೆಯವಳ ಕಾರ್ಡು ಹೊರಗೆ ಬಿತ್ತು. ತನ್ನ ಕೆಲಸ ಪೂರ್ತಿ ಮಾಡಿಯೇ ಅದು ಪಕ್ಕಕ್ಕೆ ಸರಿಯುತ್ತದೆ. ಅಂದಹಾಗೆ ಅಂಕ ತಿಳಿಸುವುದು ಗಾಲ್ಫ್ ನಿಯಮಗಳ ಪ್ರಕಾರ ತಪ್ಪಲ್ಲ. ಹೇಗೆ ಹೊಡೆಯಬೇಕೆಂದು ಹೇಳಿದರೆ ಮಾತ್ರ ಅದು ಸಲಹೆಯಾಗುತ್ತದೆ.

ಇಷ್ಟಾಗಿಯೂ ಸಾಲು ಉದ್ದವಾಗಬೇಕಾದರೆ ಮೈದಾನ ಬೇಕು. ಇಲ್ಲಿ ನಮ್ಮ ಊರಿನ ಚರಿತ್ರೆ ಅಡ್ಡ ಬರುತ್ತದೆ. ವಸಾಹತು ಕಾಲದ ನೈರೋಬಿಯಲ್ಲಿ ಯುರೋಪಿಯನ್ನರ ಕ್ಲಬ್ಬುಗಳಿಗೆ ಏಷ್ಯನ್ನರಿಗೆ ಪ್ರವೇಶವಿರಲಿಲ್ಲ. ನಮಗಿಂತ ಮುಂಚೆ ಬಂದ ಭಾರತೀಯರು ತಮ್ಮ ತಮ್ಮ ಜಿಮ್ಖಾನಾಗಳನ್ನು ಕಟ್ಟಿಕೊಂಡು ಕ್ರಿಕೆಟ್, ಹಾಕಿ ಆಡಿದರು; ಕೆನ್ಯಾದ ಹಾಕಿ ತಂಡದಲ್ಲಿ ಸಿಖ್ಖರೂ ಗೋವೆಯವರೂ ತುಂಬಿದ್ದದ್ದು ಆ ಮೈದಾನಗಳಿಂದ. ಹಾಕಿಗೆ ಒಂದು ಚಪ್ಪಟೆ ಮೈದಾನ ಸಾಕು, ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಓಡುತ್ತಾರೆ. ಗಾಲ್ಫಿಗೆ ನೂರಾರು ಎಕರೆ ಬೇಕು, ಅಷ್ಟರಲ್ಲೂ ಒಂದು ಹೊತ್ತಿಗೆ ಕೆಲವರು ಮಾತ್ರ ಆಡಬಹುದು. ಹರ್ಲಿಂಗ್‌ಹ್ಯಾಮ್‌ಗೆ ಹತ್ತಿರದ ರಾಯಲ್ ನೈರೋಬಿ ಗಾಲ್ಫ್ ಕ್ಲಬ್ 1906ರದ್ದು. ಅದರ ಹಸಿರು ಮುಗಿಯುವ ಕಡೆ ಕಿಬೇರಾದ ತಗಡಿನ ಮಾಡುಗಳು ಶುರುವಾಗುತ್ತವೆ. ಬೇಲಿಯ ಆ ಕಡೆಯಿಂದ ಕ್ಯಾಡಿಗಳು ಬರುತ್ತಾರೆ. ಅಲ್ಲಿನ ಹುಡುಗಿಯರು ಎಷ್ಟು ಜನ ಆಡಲು ಬರುತ್ತಾರೆ ಎಂಬುದು ಕೆನ್ಯಾದ ತಂಡದ ಪ್ರಶ್ನೆಯೂ ಹೌದು. ಈ ದೇಶದ ಮೊದಲ ಮಹಿಳಾ ವೃತ್ತಿಪರ ಗಾಲ್ಫ್ ಆಟಗಾರ್ತಿ ರೋಸ್ ನಲಿಯಾಕ ತನ್ನ ಹೆಸರಿನ ಅಕಾಡೆಮಿಯಲ್ಲಿ ಬಡ ಹುಡುಗಿಯರ ಕೈಗೆ ಕೋಲು ಕೊಟ್ಟದ್ದನ್ನು ನಾನು ಅದಕ್ಕಾಗಿಯೇ ದೊಡ್ಡ ಕೆಲಸ ಎನ್ನುತ್ತೇನೆ.

ಬೆಂಗಳೂರಿನಲ್ಲೂ ಕ್ಲಬ್ಬು ಬ್ರಿಟಿಷರದ್ದೇ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅದಿತಿಯ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಹೋಟೆಲಿನಲ್ಲಿ ಅಪ್ಪ ಅಮ್ಮನ ಜೊತೆ ತಿಂಡಿ ತಿನ್ನುವಾಗ ಐದಾರು ವರ್ಷದ ಮಗು ಕೇಳಿತು, ಅಪ್ಪ ಅಮ್ಮ ಬೇಡ ಎನ್ನಲಿಲ್ಲ, ಆಟ ಶುರುವಾಯಿತು. ಮುಂದೆ ಅಪ್ಪ ಅವಳ ಚೀಲ ಹೊತ್ತರು, ಟೋಕಿಯೋದಲ್ಲಿ ಅಮ್ಮ ಹೊತ್ತರು. ಆ ಚೀಲ ಹೊತ್ತ ನಡಿಗೆಯೂ ಯಾವ ಕಾರ್ಡಿನಲ್ಲೂ ಬರೆಯುವಂಥದ್ದಲ್ಲ. 2023ರ ಫೆಬ್ರವರಿಯಲ್ಲಿ ಅದೇ ಅದಿತಿ ನಮ್ಮ ಕರಾವಳಿಯ ವಿಪಿಂಗೊ ರಿಡ್ಜ್‌ನಲ್ಲಿ ಮ್ಯಾಜಿಕಲ್ ಕೆನ್ಯಾ ಲೇಡೀಸ್ ಓಪನ್ ಅನ್ನು ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದಳು. ನಮ್ಮವರು ಎರಡು ಕುಟುಂಬ ಮೊಂಬಾಸಾ ಕಡೆಗೆ ಹೋಗಿದ್ದವರು ನೋಡಿ ಬಂದರು. ಫೋಟೋ ಗುಂಪಿನಲ್ಲಿ ಈಗಲೂ ಇದೆ. ಅದು ವೈಯಕ್ತಿಕ ಪ್ರಶಸ್ತಿ, ಒಬ್ಬಳ ಗೆಲುವು. ಅದನ್ನು ಒಬ್ಬಳದ್ದೆಂದೇ ಹೇಳುವುದು ಸರಿ. ಎಂಟು ತಿಂಗಳೊಳಗೆ ಹಾಂಗ್‌ಝೌನಲ್ಲಿ ನಡೆದದ್ದು ಮೂವರದ್ದು, ಅದನ್ನು ಮೂವರದ್ದೆಂದು ಹೇಳುವುದೂ ಅಷ್ಟೇ ಸರಿ.

ನಮ್ಮ ಸಂಘದ ಸಂಚಿಕೆಯ ಕೊನೆಯ ಪುಟಗಳಲ್ಲಿ ಪ್ರತಿವರ್ಷ ಮಕ್ಕಳ ಸಾಧನೆಯ ಪಟ್ಟಿ ಇರುತ್ತದೆ. ಅದಕ್ಕಾಗಿ ಮನೆಗಳಿಗೆ ಕಳಿಸುವ ನಮೂನೆಯಲ್ಲಿ ಹೆಸರು, ತರಗತಿ, ಸ್ಪರ್ಧೆ, ಪಡೆದ ಸ್ಥಾನ ಎಂಬ ನಾಲ್ಕು ಅಂಕಣಗಳಿವೆ. ಕಿಲಿಮಾನಿಯ ಹುಡುಗಿಯ ಅಮ್ಮ ಆ ನಮೂನೆಯನ್ನು ಎರಡು ವರ್ಷದಿಂದ ಖಾಲಿ ಬಿಟ್ಟಿದ್ದಾರೆ. ಪಡೆದ ಸ್ಥಾನ ಎಂಬ ಅಂಕಣದಲ್ಲಿ ಬರೆಯಲು ತಮ್ಮ ಮಗಳಿಗೆ ಏನೂ ಇಲ್ಲ ಎಂದು ಅವರ ನಂಬಿಕೆ. ಅಲ್ಲಿ ‘ತಂಡ’ ಎಂಬ ಐದನೆಯ ಅಂಕಣ ಸೇರಿಸಿ, ಎಣಿಕೆಗೆ ಬಂದರೂ ಬಾರದಿದ್ದರೂ ಆಡಿದವರೆಲ್ಲರ ಹೆಸರು ಅಚ್ಚು ಹಾಕೋಣ ಎಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ನೋಡೋಣ ಎಂದಿದ್ದಾರೆ.